ಒಂದು ಹಂಚು ಕಮ್ಮಿ

"ಕೆಳ್ಗ್ ಇಡೆ. ಕೆಳ್ಗ್ ಇಟ್ ಹಿಂದ್ ಸರಿ. ಕೈಗೇ ಕೊಡುಕ್ ಹೊರ್ಟಿಯಲೆ, ಬೇವರ್ಸಿ ಮುಂಡೆ."

ಜಗಲಿಯಿಂದ ಬಂದ ಒಡೆಯರ ಕೂಗಿಗೆ ಬೆಳ್ಳಿಯ ಕೈಯಲ್ಲಿದ್ದ ಹಂಚು ಗಾಳಿಯಲ್ಲೇ ನಿಂತಿತು. ಏಣಿಯ ಬುಡದಲ್ಲಿದ್ದ ಮಂಜ ಚಾಚಿದ್ದ ಎರಡೂ ಕೈಗಳನ್ನು ಕರೆಂಟು ಹೊಡೆದವನಂತೆ ಹಿಂದಕ್ಕೆಳೆದುಕೊಂಡು ಲುಂಗಿಗೆ ಒರೆಸಿಕೊಂಡ. ತಪ್ಪು ಇಬ್ಬರದೂ ಆಗಿತ್ತು. ಬೈಗುಳ ಒಬ್ಬಳಿಗೇ ಬಂತು.

ರಾಜೀವ ಒಡೆಯರ ಮನೆಯ ಮಾಡಿನ ಹಂಚು ಬದಲಿಸುವ ಕೆಲಸ ನಡೆದಿತ್ತು. ಸೋಮವಾರ ಅವರ ಮಗಳನ್ನು ನೋಡಲು ಮುಂಬೈಯಲ್ಲಿ ಹೋಟೆಲಿಟ್ಟ ಗಂಡಿನ ಕಡೆಯವರು ಬರುವವರಿದ್ದರು. ಮಾಡಿನ ಮೇಲೆ ಇಬ್ಬರು, ಏಣಿಯ ಮೇಲೆ ಒಬ್ಬ, ಬುಡದಲ್ಲಿ ಮಂಜ. ಇಷ್ಟು ಜನ ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಅಂಗಳದ ಮೂಲೆಯ ರಾಶಿಯಿಂದ ಏಣಿಯ ಬುಡಕ್ಕೆ ಹೊರುವುದು ಬೆಳ್ಳಿಯ ಕೆಲಸ. ಹಂಚನ್ನು ಮಂಜನೆದುರು ನೆಲಕ್ಕಿಟ್ಟು ಅವಳು ಮೂರು ಹೆಜ್ಜೆ ಹಿಂದೆ ಹೋಗಬೇಕು, ಆಮೇಲೆ ಮಂಜ ಅದನ್ನು ಎತ್ತಿಕೊಳ್ಳಬೇಕು. ಕೊರಗರ ಹೆಣ್ಣಿನ ಕೈಯಿಂದ ನೇರ ತೆಗೆದುಕೊಂಡರೆ ಮಾಡಿಗೆ ಮೈಲಿಗೆ. ಅವಳು ಮುಟ್ಟಿದ ಹಂಚು ಒಂದು ಗಳಿಗೆ ನೆಲದ ಮೇಲೆ ಕೂತೆದ್ದರೆ ಮೈಲಿಗೆ ಇಲ್ಲ. ಇದು ಯಾವ ಲೆಕ್ಕವೆಂದು ಬೆಳ್ಳಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಅವಳ ತಲೆ ತನ್ನದೇ ಮಾಡಿನ ಹಂಚಿನಲ್ಲಿತ್ತು. ಕೈ ತಾನಾಗಿಯೇ ಚಾಚಿಬಿಟ್ಟಿತ್ತು.

"ಸರ್ಕಾರ ಮನೆ ಕೊಟ್ಟದ್ದೇ ತಲಿಗ್ ಏರಿತ್ತ್ ಇವ್ಳಿಗೆ" ಎಂದು ಒಡೆಯರು ಜಗಲಿಯ ಕುರ್ಚಿಯಲ್ಲಿ ಮತ್ತೆ ಕೂತರು.

ಸಂಜೆ ಕೆಲಸ ಮುಗಿಸಿ, ಜಗಲಿಯಿಂದ ದೂರವೇ ನಿಂತು ಬೆಳ್ಳಿ ಕೇಳಿದಳು. "ಒಡೇರೆ, ಆ ಗೇಟ್ ಒಂದ್ ದಿನಕ್ ತೆಗ್ದ್ ಕೊಟ್ರೆ ಆತಿತ್ತ್. ಹಂಚಿನ್ ಟೆಂಪೋ ಬಪ್ಪುಕಿತ್ತ್."

"ಎಲ್ಲಿಗ್ ಬಪ್ಪುಕೆ? ಆ ಗುಡ್ಡಿ ನಮ್ ಕುಮ್ಕಿ. ಅಲ್ಲಿ ಸೌದಿ ಹೆಕ್ಕುಕೂ ನಮ್ಮ ಅಪ್ಪಯ್ಯನ್ ಕೇಂಡ್ ಹೋಪುದಿತ್ತ್ ನಿಮ್ಮ ಜನ."

"ಹಕ್ಕುಪತ್ರ ಕೊಟ್ಟಿದ್ರಲೆ ಒಡೇರೆ, ಸರ್ಕಾರದವ್ರ್."

"ಹಂಗಾರೆ ಸರ್ಕಾರದವ್ರೇ ಹೆಲಿಕಾಪ್ಟರಂಗ್ ಹಂಚ್ ತಂದ್ ಹಾಕ್ಲಿ."

ಮಾಡಿನ ಮೇಲಿದ್ದವರು ನಕ್ಕರು. ಮಂಜನೂ ನಕ್ಕ. ನಗದಿದ್ದರೆ ನಾಳೆ ಕೆಲಸವಿಲ್ಲ.

ಕುಮ್ಕಿ ಎಂದರೆ ಇಷ್ಟೇ. ಪಟ್ಟಾ ಜಮೀನಿಗೆ ತಾಗಿಕೊಂಡ ಸರ್ಕಾರಿ ಗುಡ್ಡೆಯಿಂದ ಸೊಪ್ಪು ಸೌದೆ ತಂದುಕೊಳ್ಳುವ ಹಕ್ಕು ಜಮೀನಿನವನಿಗೆ ಉಂಟು. ಸೊಪ್ಪು ತರುತ್ತ ತರುತ್ತ ಮೂರು ತಲೆಮಾರಿನಲ್ಲಿ ಗುಡ್ಡೆಯೇ ತಮ್ಮದೆಂದು ಈ ಮನೆಯವರು ನಂಬಿಬಿಟ್ಟಿದ್ದರು. ತೆಕ್ಕಟ್ಟೆಯಲ್ಲಿ ಹೆದ್ದಾರಿ ನಾಲ್ಕು ಪಥ ಆಗಲು ಹೊರಟು ಜಾಗಕ್ಕೆ ರೇಟು ಏರಿದ ಮೇಲಂತೂ ಆ ನಂಬಿಕೆ ಕಬ್ಬಿಣದಷ್ಟು ಗಟ್ಟಿಯಾಯಿತು. ಗುಡ್ಡೆಯ ಒಂದು ಮೂಲೆಯ ಮೂರು ಸೆಂಟ್ಸು ಬೆಳ್ಳಿಯ ಹೆಸರಿಗೆ ಬಂದಾಗ ಒಡೆಯರು ಏನೂ ಹೇಳಲಿಲ್ಲ. ಕೆಂಪುಕಲ್ಲಿನ ಗೋಡೆ ಬಾಗಿಲಿನ ಎತ್ತರ ದಾಟಿದ ವಾರವೇ, ಒಡೆಯರ ಮನೆಯೆದುರು ಹಾದು ಗುಡ್ಡೆಗೆ ಹೋಗುವ ದಾರಿಗೆ ಗೇಟು ಬಿತ್ತು, ಗೇಟಿಗೆ ಬೀಗ ಬಿತ್ತು. ಪಕ್ಕಾಸು, ರೀಪು ಎಂದು ಮಾಡಿನ ಮರವೆಲ್ಲ ಅದಕ್ಕೆ ಮುಂಚೆಯೇ ಒಳಗೆ ಬಂದಿತ್ತು. ಹಂಚು ಮಾತ್ರ ಹೊರಗೆ ಉಳಿಯಿತು.

ಸೋಮವಾರ ಹನ್ನೊಂದು ಗಂಟೆಗೆ ಸರ್ಕಾರದ ಇಂಜಿನಿಯರು ಬೆಳ್ಳಿಯ ಮನೆಯ ಫೋಟೋ ತೆಗೆಯಲು ಬರುತ್ತಾನೆ. ಮಾರ್ಚ್ ತಿಂಗಳ ಕೊನೆ. ಮಾಡು ಪೂರ್ತಿಯಾಗಿರಬೇಕು, ಒಳಗೆ ನಿಂತು ನೋಡಿದರೆ ಎಲ್ಲಿಯೂ ಆಕಾಶ ಕಾಣಬಾರದು, ಕಂಡರೆ ಪಟ್ಟಿಯಿಂದ ಹೆಸರು ಹೋಯಿತು, ಮನೆ ಇನ್ಯಾರಿಗೋ ಹೋಯಿತು. ಇಷ್ಟನ್ನು ಅವನು ಮೊದಲೇ ಹೇಳಿ ಹೋಗಿದ್ದ.

ಹಂಚು ಇದ್ದದ್ದು ತೆಕ್ಕಟ್ಟೆಯ ಹಳೆ ಮೀನು ಮಾರ್ಕೆಟಿನ ಜಾಗದಲ್ಲಿ, ಟಾರ್ಪಾಲಿನ ಅಡಿಯಲ್ಲಿ. ರಸ್ತೆ ಅಗಲ ಮಾಡಲು ಮಾರ್ಕೆಟಿನ ಮಾಡು ಕೆಡವಲು ಜೆಸಿಬಿ ಬಂದಾಗ ಮೀನಿನ ಹೆಂಗಸರು ಮೂರು ದಿನ ಅದರ ಎದುರು ಬುಟ್ಟಿ ಇಟ್ಟು ಕೂತಿದ್ದರು. ಆ ಹೆಂಗಸರ ಮುಂದಾಳು ಉಮಾವತಿ. ಆ ಮೂರೂ ದಿನ ಮಾರ್ಕೆಟಿನ ಕೊನೆಯ ಮೂಲೆಯಲ್ಲಿ ಬುಟ್ಟಿ ಮಾರುವ ಬೆಳ್ಳಿಯೂ ಅವಳ ಕೇರಿಯ ಹನ್ನೆರಡು ಜನವೂ ಎದ್ದು ಹೋಗದೆ ಕೂತರು. ಬೆಳ್ಳಿಯ ಗಂಡ ಸೂರ ಡೋಲು ಬಾರಿಸಿ ಬಾರಿಸಿ ಪೊಲೀಸರ ತಲೆ ಕೆಡಿಸಿದ. ಕೊನೆಗೆ ಮಾರ್ಕೆಟಿಗೆ ಬೇರೆ ಜಾಗ ಸಿಕ್ಕಿತು, ಹಳೆ ಹಂಚು ಹೆಂಗಸರ ಸಂಘಕ್ಕೆ ಬಂತು. ಸಂಘದ ಸಭೆಯಲ್ಲಿ ಉಮಾವತಿ ಅದನ್ನು ಬೆಳ್ಳಿಯ ಮನೆಗೆ ಬರೆಸಿದಳು.

ಬೆಳ್ಳಿ ಕೈಮುಗಿಯಲು ಹೋದಾಗ ಉಮಾವತಿ ಗದರಿದ್ದಳು. "ನಿನ್ ಮೇಲ್ ಪ್ರೀತಿ ಉಕ್ಕಿ ಕೊಡುದಲ್ಲ ಹೆಣೆ. ಹೊಸ ಮಾರ್ಕೆಟ್ ಕೆಡವುಕೂ ಒಂದಿನ ಯಾರಾರ್ ಬತ್ರ್. ಅವತ್ತ್ ನಂಗೆ ಜನ ಬೇಕ್."

ಅದು ಮುಚ್ಚುಮರೆಯಿಲ್ಲದ ವ್ಯವಹಾರವಾಗಿತ್ತು. ಬೆಳ್ಳಿಗೆ ಹಿಡಿಸಿತು.

ಗೇಟಿನ ಸುದ್ದಿ ಕೇಳಿ ಉಮಾವತಿ ಹಳೆ ಹಂಚಿನ ಕಾರ್ಖಾನೆಯ ಚಂದಯ್ಯನನ್ನು ಕರೆಸಿದಳು. ಕಾರ್ಖಾನೆ ಮುಚ್ಚಿ ಎಂಟು ವರ್ಷವಾಗಿದ್ದರೂ ಹಂಚು, ಮಾಡು ಎಂದರೆ ಸುತ್ತಿನ ಊರಿಗೆಲ್ಲ ಅವನೇ. ಬೆಳ್ಳಿಯ ಮಾಡಿನ ಮರ ಕೂಡಿಸಿದವನೂ ಅವನೇ. ಚಂದಯ್ಯ ಬೀಡಿ ಸೇದುತ್ತ ಗದ್ದೆ ಬಯಲನ್ನು ಬಹಳ ಹೊತ್ತು ನೋಡಿದ. ರಸ್ತೆಯ ಮೋರಿಯಿಂದ ಬೆಳ್ಳಿಯ ಜಾಗದ ತನಕ ಒಂದು ತೋಡು ಹರಿಯುತ್ತದೆ. ಎರಡು ದಂಡೆಯೂ ಒಡೆಯರದು, ತೋಡು ಮಾತ್ರ ಸರ್ಕಾರದ್ದು. ನಕ್ಷೆಯಲ್ಲಿ ನೀಲಿ ಗೆರೆ ಉಂಟು ಎಂದು ಅವನು ಹೇಳಿದ. ಮಾರ್ಚಿನಲ್ಲಿ ಮೊಣಕಾಲಿನ ಕೆಳಗೆ ನೀರು.

ಸೂರ ಆವತ್ತೇ ಹತ್ತು ಹಂಚನ್ನು ಹೆಡಿಗೆಗೆ ತುಂಬಿ ತಲೆಮೇಲೆ ಹೊತ್ತು ತೋಡಿಗಿಳಿದ. ಪಾಚಿ ಕಟ್ಟಿದ ಕಲ್ಲು. ಇಪ್ಪತ್ತು ಹೆಜ್ಜೆಗೆ ಹತ್ತೂ ಹಂಚು ಚೂರಾಗಿ ಸೂರನ ಕಾಲು ಬಾತುಕೊಂಡಿತು.

"ತೋಡಂಗ್ ಹೊತ್ಕಂಡ್ ನಡುಕ್ ಆತ್ತಿಲ್ಲೆ" ಎಂದ ಚಂದಯ್ಯ. "ಆರೆ ನಿಲ್ಲುಕ್ ಆತ್ತ್. ನಾವ್ ಮಾಡಿಗ್ ಹಂಚ್ ಏರ್ಸುದ್ ಹ್ಯಾಂಗೆ? ನಿಂತಲ್ಲೇ ನಿಂತ್. ಏಣಿಯ ಮಲ್ಗ್ಸಿರ್ ಆಯ್ತಲೆ."

ಮಲಗಿಸಿದ ಏಣಿಗೆ ಎಂಬತ್ತು ಜನ ಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ತೊಂಬತ್ತು ಜನ ಬಂದರು. ಮೀನಿನ ಹೆಂಗಸರು ಇಪ್ಪತ್ತೈದು, ಮುಚ್ಚಿದ ಕಾರ್ಖಾನೆಯ ಹೆಂಗಸರು ಹದಿನೈದು, ಬಾರ್ಕೂರು ಕಡೆಯಿಂದಲೂ ಹಂಗಾರಕಟ್ಟೆ ಕಡೆಯಿಂದಲೂ ಬೆಳ್ಳಿಯ ನಂಟರು, ಸ್ಟ್ಯಾಂಡಿನ ರಿಕ್ಷಾದವರು ಕೆಲವರು. ಹೆಂಗಸರು ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಮೊದಲು ಬಂದವರು ಮೊದಲು ನಿಂತರು, ಯಾರ ಪಕ್ಕ ಯಾರು ಎಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಾತ ಕಾಲಿನ ಸೂರ ದಂಡೆಯ ಕಲ್ಲಿನ ಮೇಲೆ ಡೋಲು ಹಿಡಿದು ಕೂತ. ಊರವರು ಕಂಬಳಕ್ಕೂ ಭೂತಕೋಲಕ್ಕೂ ಹೇಳಿ ಕಳಿಸಿದಾಗಲೆಲ್ಲ ಹೋಗಿ ಬಾರಿಸಿದ ಡೋಲು ಅದು. ತನಗೆ ಬೇಕೆಂದು ಸೂರ ಅದನ್ನು ಬಾರಿಸಿದ್ದು ಇದು ಎರಡನೇ ಸಲ. ಒಂದೊಂದು ಪೆಟ್ಟಿಗೆ ಒಂದೊಂದು ಹಂಚು ಕೈ ದಾಟಬೇಕು ಎಂದು ಮಾತಾಯಿತು.

ಮೋರಿಯ ಹತ್ತಿರ ಉಮಾವತಿ. ಮೊದಲ ಹಂಚು ಅವಳ ಕೈಯಿಂದ ಹೊರಟಿತು. ಪೂರಾ ಇದ್ದ ಹಂಚು ಬಂದರೆ ದುಬಾರಿ ಮೀನಿನ ಹೆಸರು ಹಿಡಿದು "ಇದ್ ಅಂಜಲ್" ಎನ್ನುವಳು, ಮೂಲೆ ಮುರಿದದ್ದಕ್ಕೆ "ಇದ್ ನಿನ್ನೆಯ ಬಂಗ್ಡೆ, ಮೂಸ್ಬೇಡಿ, ಮುಂದ್ ಹಾಕಿ" ಎನ್ನುವಳು. ಮೂವತ್ತು ವರ್ಷ ಮೀನು ಮಾರ್ಕೆಟಿನ ಮೇಲಿದ್ದ ಹಂಚಿಗೆ ನಿಜಕ್ಕೂ ಮೀನಿನ ವಾಸನೆ ಇತ್ತು. ಬೆಳ್ಳಿಯ ಮನೆಗೆ ಇನ್ನು ಊರ ಬೆಕ್ಕುಗಳೆಲ್ಲ ಬರುತ್ತವೆ ಎಂದು ಯಾರೋ ಹೇಳಿ, ನಗು ತೋಡಿನುದ್ದಕ್ಕೂ ಹೋಯಿತು.

ಬೆಳ್ಳಿ ನಡುಮಧ್ಯದಲ್ಲಿದ್ದಳು. ಅವಳ ಮುಂದಿನ ಜಾಗದಲ್ಲಿ ಕಮಲ. ಕಮಲ ಮೀನು ಮಾರುವವಳೇ, ಆದರೆ ಮಡಿ ಜಾಸ್ತಿಯ ಹೆಂಗಸು. ಶನಿವಾರ ಒಪ್ಪತ್ತು, ಸೋಮವಾರ ಉಪವಾಸ. ಪಕ್ಕದಲ್ಲಿ ನಿಂತದ್ದು ಬೆಳ್ಳಿಯೆಂದು ತಿಳಿದಾಗ ಅವಳ ಮುಖ ಸಣ್ಣಗಾದದ್ದನ್ನು ಬೆಳ್ಳಿ ಕಂಡಳು. ಕಂಡರೂ ಏನೂ ಅನ್ನಿಸಲಿಲ್ಲ. ಅಂಥ ಮುಖಗಳನ್ನು ನೋಡಿಯೇ ಅವಳಿಗೆ ತಲೆ ನರೆತದ್ದು.

ಮೊದಲ ಹಂಚು ಬೆಳ್ಳಿಯ ಕೈಗೆ ಬಂತು. ಡೋಲಿನ ಪೆಟ್ಟು ಬಿತ್ತು. ಬೆಳ್ಳಿ ಬಗ್ಗಿ, ಹಂಚನ್ನು ಕಮಲಳ ಎದುರಿನ ಕಲ್ಲಿನ ಮೇಲಿಟ್ಟು, ನೀರಿನಲ್ಲೇ ಒಂದು ಹೆಜ್ಜೆ ಹಿಂದೆ ಸರಿದಳು.

ಹಂಚು ಜಾರಿ ಕಲ್ಲಿಗೆ ಬಡಿದು ಎರಡಾಯಿತು.

"ಎಂತ ಆಯ್ತಾ ಅಲ್ಲಿ?" ಉಮಾವತಿ ಮೋರಿಯಿಂದ ಕೂಗಿದಳು.

ಎರಡನೆಯದು ಬಂತು. ಈ ಸಲ ಬೆಳ್ಳಿ ಕೈ ಚಾಚಬೇಕೆಂದೇ ಇದ್ದಳು. ಆದರೆ ಡೋಲಿನ ಪೆಟ್ಟು ಬಿದ್ದ ಕೂಡಲೇ ಸೊಂಟ ತಾನೇ ಬಗ್ಗಿತು. ಅದೂ ಒಡೆಯಿತು. ಕಮಲ ಬಿಟ್ಟಗಣ್ಣಿನಿಂದ ನೀರು ನೋಡುತ್ತಿದ್ದಳು. ಅವಳ ಕೈ ಸೆರಗಿನೊಳಗಿತ್ತು.

ಉಮಾವತಿ ತೋಡಿನಲ್ಲೇ ದಬದಬ ನಡೆದು ಬಂದಳು. ಚೂರು ನೋಡಿದಳು, ಇಬ್ಬರ ಮುಖ ನೋಡಿದಳು. ಅವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಕಾರ್ಖಾನೆಯ ಪುಷ್ಪಳನ್ನು ಕರೆದು ಇಬ್ಬರ ನಡುವೆ ನಿಲ್ಲು ಎಂದಳು. ಕೆಲಸ ಆಗಬೇಕು, ಮಿಕ್ಕದ್ದು ಆಮೇಲೆ.

"ಬ್ಯಾಡ" ಎಂದಳು ಬೆಳ್ಳಿ.

"ಎಂತ ಬ್ಯಾಡ?"

"ನಡುಗೆ ಯಾರೂ ಬ್ಯಾಡ. ನನ್ನ ಮನಿ ಹಂಚ್ ಅದ್. ನೆಲಕ್ಕ್ ಇಡುದಿಲ್ಲ ಇನ್ನ್."

ಉಮಾವತಿ ಪುಷ್ಪಳನ್ನು ಹಿಂದಕ್ಕೆ ಕಳಿಸಿದಳು. ಸೂರ ಡೋಲಿಗೆ ಪೆಟ್ಟು ಹಾಕಿದ. ಮೂರನೇ ಹಂಚು ಬೆಳ್ಳಿಗೆ ಬಂತು. ಅವಳು ಅದನ್ನು ಕಮಲಳ ಎದೆಯ ನೇರಕ್ಕೆ ಹಿಡಿದಳು, ಇಳಿಸಲಿಲ್ಲ. ಹಿಂದಿನವಳ ಕೈಯಲ್ಲಿ ನಾಲ್ಕನೆಯದು, ಅದರ ಹಿಂದಿನವಳ ಕೈಯಲ್ಲಿ ಐದನೆಯದು. ಮೋರಿಯ ತನಕ ಎಲ್ಲರ ಕೈಯೂ ತುಂಬಿ, ಎಲ್ಲರೂ ಕಮಲಳನ್ನೇ ನೋಡುತ್ತ ನಿಂತರು. ಹಂಚು ಹಗುರದ ವಸ್ತುವಲ್ಲ. ಯಾರೋ ಹಿಂದಿನಿಂದ, ಕಮಲಕ್ಕ, ನನ್ನ ಕೈ ಬಿದ್ದು ಹೋಗುವ ಮುಂಚೆ ಒಂದು ತೀರ್ಮಾನ ಮಾಡಿ ಎಂದಳು.

ಕಮಲ ಸೆರಗಿನಿಂದ ಕೈ ತೆಗೆದು ಹಂಚು ಹಿಡಿದಳು. ಎಳೆದಳು. ಹಂಚು ಬರಲಿಲ್ಲ.

"ಬಿಡೆ ಮಾರಾಯ್ತಿ. ಎಂತ ಗಟ್ಟಿ ಹಿಡ್ದಿದಿಯೆ? ಬಿಡದಿರ್ ನಾನ್ ಹ್ಯಾಂಗ್ ತಕಂಬುದ್?"

ಬೆಳ್ಳಿಗೆ ಬಿಡುವುದು ಯಾವಾಗ ಎಂದೇ ಗೊತ್ತಿರಲಿಲ್ಲ. ನೆಲಕ್ಕಿಡುವಾಗ ನೆಲ ತಾಗಿದ ಕೂಡಲೇ ಬಿಟ್ಟರಾಯಿತು. ಇನ್ನೊಬ್ಬರ ಕೈಗೆ ಕೊಡುವಾಗ ಅವರ ಹಿಡಿತ ಬಿಗಿಯಾದದ್ದು ತನ್ನ ಬೆರಳಿಗೆ ತಿಳಿದು, ಆಮೇಲೆ ಬಿಡಬೇಕು. ಈ ಹದ ಕೇರಿಯ ಹೊರಗಿನವರ ಜೊತೆ ಅವಳು ಕಲಿತದ್ದೇ ಇಲ್ಲ. ನಾಲ್ಕನೆಯದಕ್ಕೂ ಇಬ್ಬರೂ ಹಗ್ಗಜಗ್ಗಾಟ ಮಾಡಿದರು. ಐದನೆಯದಕ್ಕೆ ಬೆಳ್ಳಿ ಬೇಗ ಬಿಟ್ಟು, ಅದು ಕಮಲಳ ಹೊಟ್ಟೆಗೆ ಗುದ್ದಿತು. "ಕೊಲ್ತಿಯೆನೆ" ಎಂದಳು ಕಮಲ. ಹತ್ತನೇ ಹಂಚಿನ ಹೊತ್ತಿಗೆ ಹದ ಸಿಕ್ಕಿತು. ಐವತ್ತರ ಹೊತ್ತಿಗೆ ಕಮಲ ತನ್ನ ಸೊಸೆಯ ದೂರನ್ನು ಬೆಳ್ಳಿಗೆ ಹೇಳುತ್ತಿದ್ದಳು, ಒಂದು ಹಂಚಿಗೆ ಒಂದು ಮಾತಿನಂತೆ.

ಹನ್ನೊಂದರ ಸುಮಾರಿಗೆ ದಂಡೆಯ ಮೇಲೆ ರಾಜೀವ ಒಡೆಯರು ಕಾಣಿಸಿಕೊಂಡರು. ಡೋಲಿನ ಸದ್ದು ಮನೆಯವರೆಗೆ ಹೋಗಿತ್ತು. ಹೇಳಿ ಕಳಿಸದೆ ಡೋಲು ಬಾರಿಸಿದವರು ಯಾರೆಂದು ನೋಡಲು ಬಂದವರು, ತಮ್ಮ ಎರಡು ಗದ್ದೆಗಳ ನಡುವೆ ಎಂಬತ್ತು ಜನ ಸಾಲುಗಟ್ಟಿ ನಿಂತು ಹಂಚು ದಾಟಿಸುವುದನ್ನು ಕಂಡು ದಂಡೆಯ ಅಂಚಿಗೇ ಬಂದರು. ಆಮೇಲೆ ಬೈಯಲು ಶುರು ಮಾಡಿದರು. ಬೋಳಿಮಕ್ಕಳು, ಕಳ್ಳ ಸೂಳೆಮಕ್ಕಳು ಎಂದೆಲ್ಲ ಆಯಿತು. ಪೊಲೀಸರನ್ನು ಕರೆಯುತ್ತೇನೆ ಎಂದರು. ತೋಡು ಸರ್ಕಾರದ್ದು, ಪೊಲೀಸರಿಗೂ ಎರಡು ಜಾಗ ಖಾಲಿ ಇಟ್ಟಿದ್ದೇವೆ, ಬಂದು ನಿಲ್ಲಲಿ ಎಂದು ಉಮಾವತಿ ಉತ್ತರ ಕೊಟ್ಟಳು. ಡೋಲು ನಿಲ್ಲಲಿಲ್ಲ.

ಒಡೆಯರು ಬೆಳ್ಳಿಯನ್ನು ಗುರುತು ಹಿಡಿದರು. ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಸಮೇತ ತೋಡಿಗೆ ಇಳಿದು, ಸರಿಯಾಗಿ ಅವಳ ಮತ್ತು ಕಮಲಳ ನಡುವೆ ನಿಂತರು.

"ಈಗ್ ಕಾಂತೆ, ಹ್ಯಾಂಗ್ ಹೋತ್ತ್ ನಿಮ್ ಹಂಚ್."

ಸೂರನ ಕೈ ಅರೆಗಳಿಗೆ ತಡೆಯಿತು. ಬೆಳ್ಳಿ ಅವನತ್ತ ನೋಡಿದಳು. ಪೆಟ್ಟು ಬಿತ್ತು. ಬೆಳ್ಳಿ ತಿರುಗಿ, ಕೈಯಲ್ಲಿದ್ದ ಹಂಚನ್ನು ಒಡೆಯರ ಹೊಟ್ಟೆಯ ನೇರಕ್ಕೆ ಚಾಚಿದಳು.

"ಹಿಡ್ಕಣಿ ಒಡೇರೆ. ಕೆಳ್ಗ್ ಇಟ್ರೆ ಒಡಿತ್ತ್."

ಯಾವಾಗ ಬಿಡಬೇಕೆಂಬುದು ಅಷ್ಟರಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟಳು. ಕಾಲಿನ ಮೇಲೆ ಬೀಳುವ ಹಂಚನ್ನು ಯಾವ ಜಾತಿಯವನಾದರೂ ಹಿಡಿಯುತ್ತಾನೆ. ಒಡೆಯರೂ ಹಿಡಿದರು. ಕಮಲ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಮುಂದೆ ಹಾಕಿದಳು. ಅಷ್ಟರಲ್ಲಿ ಮತ್ತೊಂದು ಪೆಟ್ಟು, ಮತ್ತೊಂದು ಹಂಚು. ಒಡೆಯರು ಕದಲಲು ನೋಡಿದರೆ ಚಪ್ಪಲಿ ಕೆಸರಿನಲ್ಲಿ ಹೂತು ಹೋಗಿತ್ತು. ಹೀಗೆ ನಾಲ್ಕು ಹಂಚು ಅವರ ಕೈ ದಾಟಿದವು. ನಾಲ್ಕನೆಯದಕ್ಕಂತೂ ಡೋಲಿನ ಪೆಟ್ಟಿಗೆ ಸರಿಯಾಗಿ ಕೈ ಚಾಚಿದರು.

"ಒಡೇರ್ ಕೆಲ್ಸ ಬೇಗ ಕಲ್ತ್ರ್" ಎಂದಳು ಪುಷ್ಪ.

ತೋಡು ಮೋರಿಯಿಂದ ಗುಡ್ಡೆಯವರೆಗೆ ನಕ್ಕಿತು. ಒಡೆಯರು ಐದನೇ ಹಂಚನ್ನು ಕೈಯಲ್ಲಿ ಹಿಡಿದೇ ಬೆಚ್ಚಿದರು. ಒಂದು ಚಪ್ಪಲಿಯನ್ನು ಕೆಸರಿಗೆ ಬಿಟ್ಟು, ದಂಡೆ ಹತ್ತಿ, ಹಂಚು ಬಗಲಲ್ಲಿ ಅವುಚಿಕೊಂಡು ಗದ್ದೆ ದಾಟಿ ಹೋದರು. ಕೈಯಲ್ಲಿ ಹಂಚಿದೆ ಎಂಬ ನೆನಪು ಅವರಿಗಿರಲಿಲ್ಲ. ಬೆಳ್ಳಿ ಕಂಡಿದ್ದಳು, ಆದರೆ ನಗುವಿನಲ್ಲಿ ಅವಳಿಗೆ ಮಾತು ಹೊರಡಲಿಲ್ಲ.

ಚಂದಯ್ಯ ಮಾಡಿನ ಮೇಲೆ ಕೂತು ಕತ್ತಲಾಗುವವರೆಗೆ ಹೊದಿಸಿದ. ಮಿಕ್ಕದ್ದನ್ನು ಸೋಮವಾರ ಬೆಳಿಗ್ಗೆ ಮುಗಿಸಿದ. ಮುಗಿಸಿ ಮೇಲಿನಿಂದಲೇ ಹೇಳಿದ, ಒಂದು ಹಂಚು ಕಮ್ಮಿ.

ಬೆಳ್ಳಿ ಒಳಗೆ ಹೋಗಿ ನಿಂತಳು. ಅಡಿಗೆಮನೆಯ ಮೇಲೆ, ಒಂದು ಹಂಚಿನಷ್ಟು ಆಕಾಶ. ಗಂಟೆ ಹತ್ತೂಕಾಲು. ತಟ್ಟಿ ಇಡೋಣ, ಪ್ಲಾಸ್ಟಿಕ್ ಕಟ್ಟೋಣ ಎಂದು ಸೂರ ಹೇಳಿದ. ಈ ಕಾರ್ಖಾನೆಯ ಹಂಚಿಗೆ ಬೇರೆ ಕಾರ್ಖಾನೆಯದು ಕೂರುವುದಿಲ್ಲ, ಹುಡುಕಲು ಹೊತ್ತೂ ಇಲ್ಲ ಎಂದ ಚಂದಯ್ಯ.

"ಹುಡ್ಕುದೆಂತಕೆ? ಎಲ್ಲಿತ್ತ್ ಅಂದೇಳಿ ಗೊತ್ತಿತ್ತಲೆ. ತಕಂಡ್ ಬತ್ತೆ" ಎಂದು ಬೆಳ್ಳಿ ಹೊರಟಳು.

ಗೇಟು ತೆರೆದಿತ್ತು. ಮುಂಬೈಯವರ ಕಾರು ಬರಬೇಕಲ್ಲ. ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಬಿಡಿಸಿದ್ದರು. ಬಿಳಿ ಪಂಚೆ, ಇಸ್ತ್ರಿ ಅಂಗಿಯ ಒಡೆಯರು ಜಗಲಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಬೆಳ್ಳಿ ಎಂದೂ ನಿಲ್ಲುವ ಜಾಗ ದಾಟಿ ಮೆಟ್ಟಿಲಿನವರೆಗೆ ಬಂದಳು. ಹಂಚು ಮೆಟ್ಟಿಲ ಬದಿಯಲ್ಲೇ, ನಿನ್ನೆ ಇಟ್ಟಲ್ಲೇ ಬಿದ್ದಿತ್ತು.

"ನನ್ ಹಂಚ್ ಒಡೇರೆ."

"ಅಲ್ ಬಿದ್ದಿತ್ತಲೆ. ತಕಂಡ್ ಸಾಯ್. ಬೇಗ."

ಬೆಳ್ಳಿ ಬಗ್ಗಲಿಲ್ಲ. ಎರಡೂ ಕೈ ಚಾಚಿದಳು.

"ಕೈಗ್ ಕೊಡಿ."

ಒಡೆಯರ ಮುಖ ಕೆಂಪಾಯಿತು. ಬಾಯಿಗೆ ಬಂದ ಮೊದಲ ಬೈಗುಳ ಅರ್ಧ ಹೊರಬಿದ್ದಿತ್ತು, ಅಷ್ಟರಲ್ಲಿ ಅವರ ಕಣ್ಣು ಗೇಟಿನ ಕಡೆ ಹೋಯಿತು. ಗೇಟಿನೊಳಗಿಂದ ಅಂಗಳದ ಅಂಚಿನವರೆಗೆ, ಮಾಡು ಮುಗಿಯುವುದನ್ನು ನೋಡಲು ಬಂದು ಬೆಳ್ಳಿಯ ಬೆನ್ನಿಗೇ ಹೊರಟ ಜನ ನಿಂತಿದ್ದರು. ಮೀನಿನ ಬುಟ್ಟಿ ಬದಿಗಿಟ್ಟು ಉಮಾವತಿ, ಉಪವಾಸದ ಕಮಲ, ಪುಷ್ಪ, ಇನ್ನೂ ಮೂವತ್ತು ನಲವತ್ತು ಜನ. ಕೈಯಳತೆಗೆ ಒಬ್ಬೊಬ್ಬರಂತೆ ಸಾಲು ಗುಡ್ಡೆಯ ಕಡೆಗೆ ಹೋಗಿತ್ತು. ಒಂದು ಹಂಚಿಗೆ ಅಷ್ಟು ಜನ ಬೇಕಿರಲಿಲ್ಲ.

"ಅವ್ಳ್ ಕೈಗ್ ಬಂದ್ರೆ ಸಾಕ್" ಎಂದಳು ಉಮಾವತಿ. "ಅಲ್ಲಿಂದ ಮುಂದಿಂದ್ ನಮ್ಗ್ ಬಿಡಿ."

ಒಡೆಯರ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ತೆಕ್ಕಟ್ಟೆಗೆ ಬಂದಾಯಿತಂತೆ, ಎರಡು ನಿಮಿಷವಂತೆ. ಅವರು ಮಂಜನನ್ನು ಕೂಗಿದರು, ಆ ಹಂಚು ಎತ್ತಿ ಇವಳಿಗೆ ಕೊಟ್ಟು ಓಡಿಸು ಎಂದರು. ಬಾವಿಕಟ್ಟೆಯ ಹತ್ತಿರ ಗುಡಿಸುತ್ತಿದ್ದ ಮಂಜ ಹಿಡಿಕಟ್ಟಿನ ಪೊರಕೆಯನ್ನು ಕಟ್ಟೆಗೆ ಒರಗಿಸಿದ. ಹಂಚಿನ ಹತ್ತಿರ ಬಂದ, ಅದನ್ನು ದಾಟಿದ. ಬೆಳ್ಳಿಯ ಹಿಂದೆ ಒಂದು ಕೈಯಳತೆ ಬಿಟ್ಟು, ಸಾಲಿನಲ್ಲಿ ಖಾಲಿ ಇದ್ದ ಜಾಗದಲ್ಲಿ ನಿಂತು ಎರಡೂ ಕೈ ಮುಂದೆ ಮಾಡಿದ.

ರಸ್ತೆಯ ತಿರುವಿನಲ್ಲಿ ಕಾರಿನ ಹಾರ್ನು ಕೇಳಿಸಿತು.

ರಾಜೀವ ಒಡೆಯರು ಮೆಟ್ಟಿಲಿಳಿದು ಬಗ್ಗಿದರು.

"ಮೆಲ್ಲ ಬಗ್ಗಿ ಒಡೇರೆ" ಎಂದಳು ಉಮಾವತಿ, "ರೂಢಿ ಇಲ್ದಿರ್ ಸೊಂಟ ಹಿಡ್ಕಂತ್."

ಬೆಳ್ಳಿ ಚಾಚಿದ ಕೈಯನ್ನು ಒಂದಿಂಚೂ ಕೆಳಗಿಳಿಸಲಿಲ್ಲ.